ಬಟ್ಟೆ ಬೀಳುವ ಮುಂಚೆ

ಆ ಪಾರ್ಲರಿನಲ್ಲಿ ಕನ್ನಡಿಗೆ ಮುಸುಕು ಹಾಕುವ ಪದ್ಧತಿಯಿತ್ತು. ಗಿರಾಕಿ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಎದುರಿನ ಆಳೆತ್ತರದ ಕನ್ನಡಿಯ ಮೇಲೆ ಕಪ್ಪು ಸ್ಯಾಟಿನ್ ಬಟ್ಟೆ ಇಳಿಯುತ್ತಿತ್ತು. ಕತ್ತರಿಸಿ, ಬಣ್ಣ ಹಚ್ಚಿ, ತೊಳೆದು ಮುಗಿಯುವ ತನಕ ಅವಳಿಗೆ ತನ್ನ ಮುಖ ತನಗೇ ಕಾಣುವಂತಿಲ್ಲ. ಕೊನೆಗೆ ತಲೆಗೆ ಸುತ್ತಿದ ಟವೆಲ್ಲನ್ನೂ ಕನ್ನಡಿಯ ಬಟ್ಟೆಯನ್ನೂ ಒಂದೇ ಸಲಕ್ಕೆ ಎಳೆಯಬೇಕು. ಎಳೆದ ಆ ಕ್ಷಣಕ್ಕೆ ಸರಿಯಾಗಿ ಅಂಗಡಿಯಲ್ಲಿದ್ದವರೆಲ್ಲ ಬೆರಗಾಗಬೇಕು. ಅದೂ ಇಂಗ್ಲಿಷಿನಲ್ಲಿ.

ಇದು ಅಕ್ಕನ ಕಾನೂನು. ಸ್ವಂತ ಅಂಗಡಿ ತೆರೆಯುವ ಮೊದಲು ಅವಳು ದೊಡ್ಡ ಹೋಟೆಲೊಂದರ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದ ಕಲಿತು ತಂದ ವಿದ್ಯೆ. ಚೆನ್ನಾಗಿದೆ ಅಂದರೆ ನಾವೇ ಮಾಡಿ ನಾವೇ ಹೊಗಳಿಕೊಂಡ ಹಾಗಿರುತ್ತೆ, ಓ ಮೈ ಗಾಡ್ ಅಂದರೆ ಬಾಯಿ ತಪ್ಪಿ ಬಂದ ಹಾಗಿರುತ್ತೆ, ಬಾಯಿ ತಪ್ಪಿ ಬಂದದ್ದನ್ನು ಜನ ನಂಬುತ್ತಾರೆ ಎಂದು ಅವಳು ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪ್ಲಾಸ್ಟಿಕ್ ಗೊಂಬೆಯ ತಲೆಯನ್ನು ಕುರ್ಚಿಯಲ್ಲಿ ಕೂರಿಸಿ ತಾಲೀಮು ನಡೆಯುತ್ತಿತ್ತು. ಬಟ್ಟೆ ಎಳೆ, ಅನ್ನು. ಮತ್ತೆ ಹಾಕು, ಎಳೆ, ಅನ್ನು. ಗೊಂಬೆಯೊಂದು ಬಿಟ್ಟು ಉಳಿದವರೆಲ್ಲ ಬೆರಗಾಗುತ್ತಿದ್ದರು.

ಒಬ್ಬೊಬ್ಬರಿಗೆ ಒಂದೊಂದು ಮಾತು ಹಂಚಿಕೆಯಾಗಿತ್ತು. ಕತ್ತರಿ ಹಿಡಿಯುವ ಹಿರಿಯ ಕೆಲಸಗಾರ್ತಿಗೆ ಓ ಮೈ ಗಾಡ್. ಅವಳು ಅದನ್ನು ಎದೆಯಾಳದಿಂದ ಎಳೆದು, ಕೊನೆಗೆ ಒಂದು ಸಣ್ಣ ನಿಟ್ಟುಸಿರು ಬೆರೆಸಿ ಹೇಳುತ್ತಿದ್ದ ಚೆಂದಕ್ಕೆ ಗಿರಾಕಿಗಳೇ ಅವಳನ್ನು ಓಮೈ ಎಂದು ಕರೆಯತೊಡಗಿದ್ದರು. ಹುಬ್ಬು ತಿದ್ದುವ ಹುಡುಗಿಗೆ ವಾವ್. ಅವಳು ವಾವಿಯಾದಳು. ಕೌಂಟರಿನಲ್ಲಿ ಕೂರುವ ಅಕ್ಕ ತನಗೆ ನೋ ವೇ ಇಟ್ಟುಕೊಂಡಿದ್ದಳು. ಸಾಧ್ಯವೇ ಇಲ್ಲ ಎಂದು ಅದರ ಅರ್ಥವಂತೆ. ಕಣ್ಣೆದುರು ಆಗಿ ಮುಗಿದದ್ದನ್ನು ಸಾಧ್ಯವೇ ಇಲ್ಲ ಅನ್ನುವುದು ಯಾಕೆಂದು ತಂಗಿಗೆ ಯಾವತ್ತೂ ತಿಳಿಯಲಿಲ್ಲ. ಕೇಳಲೂ ಇಲ್ಲ.

ತಂಗಿ ಅಂದರೆ ಅಕ್ಕನ ಒಡಹುಟ್ಟು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ತಲೆ ತೊಳೆಯುವುದರಲ್ಲಿ ಅವಳ ಕೈಗುಣಕ್ಕೆ ಸಾಟಿಯಿರಲಿಲ್ಲ, ಗಿರಾಕಿಗಳು ಅಲ್ಲೇ ಗೊರಕೆ ಹೊಡೆಯುತ್ತಿದ್ದರು. ಆದರೆ ಬೆರಗಾಗು ಅಂದರೆ ಆಗುತ್ತಿರಲಿಲ್ಲ. ಅಕ್ಕ ಅವಳಿಗೆಂದು ಗಾಶ್ ಎಂಬ ಸಣ್ಣ ಮಾತೊಂದನ್ನು ಹುಡುಕಿ ಕೊಟ್ಟಿದ್ದಳು. ತಿಂಗಳುಗಟ್ಟಲೆ ಗೊಂಬೆಯೆದುರು ಅಭ್ಯಾಸ ಮಾಡಿ ಮೊದಲ ಸಲ ನಿಜವಾದ ಗಿರಾಕಿಯ ಮುಂದೆ ಅಂದಾಗ ಆಕೆ ಹಿಂದೆ ತಿರುಗಿ, ಶೀತ ಆಗಿದೆಯೇನಮ್ಮ, ಬಿಸಿನೀರು ಕುಡಿ ಎಂದಿದ್ದಳು. ಓಮೈ ಬಾತ್‌ರೂಮಿಗೆ ಓಡಿಹೋಗಿ ನಕ್ಕಿದ್ದಳು. ಅವತ್ತಿನಿಂದ ತಂಗಿಗೆ ಮಾತಿನ ಕೆಲಸ ತಪ್ಪಿ ಬಟ್ಟೆ ಎಳೆಯುವ ಕೆಲಸ ಬಂತು.

ಬಟ್ಟೆ ಎಳೆಯುವವಳು ಕನ್ನಡಿಯ ಪಕ್ಕದಲ್ಲಿ, ಎಲ್ಲರಿಗೂ ಎದುರಾಗಿ ನಿಲ್ಲಬೇಕು. ಉಳಿದವರೆಲ್ಲ ಕೂದಲು ನೋಡುವಾಗ ಅವಳೊಬ್ಬಳು ಮುಖಗಳನ್ನು ನೋಡುತ್ತಾಳೆ. ಹೀಗೆ ನೋಡಿ ನೋಡಿ ತಂಗಿಗೆ ಒಂದು ವಿಷಯ ಖಚಿತವಾಗಿತ್ತು. ನಿಜವಾಗಿ ಬೆರಗಾದವರಿಗೆ ಮೊದಲು ಕಣ್ಣು ಅರಳುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಬೆರಗಾದಂತೆ ನಟಿಸುವವರಿಗೆ ಬಾಯಿ ಮೊದಲು, ಕಣ್ಣು ಆಮೇಲೆ. ನಡುವಿನ ಅಂತರ ಕೂದಲೆಳೆಯಷ್ಟು. ಆದರೆ ಅವಳಿಗೆ ಕಾಣುತ್ತಿತ್ತು.

ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವ ಹೊತ್ತು ಬಂದಾಗ ಅರ್ಧವೇ ಹೇಳಿಬಿಟ್ಟಳು.

ರಸ್ತೆಯ ಆಚೆ ಬದಿಗೆ ಹೊಸ ಪಾರ್ಲರು ಬಂದಾಗಿನಿಂದ ಅಕ್ಕನ ನೆಮ್ಮದಿ ಹಾಳಾಗಿತ್ತು. ಗಾಜಿನ ಬಾಗಿಲು, ಬಾಗಿಲ ಮೇಲೆ ಸುತ್ತುವ ದೀಪ, ಒಳಗೆ ಐದಾರು ಕುರ್ಚಿ. ಕುರ್ಚಿಗಳಿವೆ, ಕತ್ತರಿ ಹಿಡಿಯುವ ಕೈಯಿಲ್ಲ ಎಂದು ಬೀದಿಯೆಲ್ಲ ಮಾತಾಡಿಕೊಳ್ಳುತ್ತಿತ್ತು. ಆ ಕೈ ಎಲ್ಲಿಂದ ಬರುತ್ತದೆ ಎನ್ನುವುದೇ ಅಕ್ಕನ ಚಿಂತೆ. ಓಮೈಯ ಫೋನ್ ರಿಂಗಾದರೆ ಅಕ್ಕನ ಕಿವಿ ನಿಮಿರುತ್ತಿತ್ತು. ಓಮೈ ಫೋನ್ ಹಿಡಿದು ಮೆಟ್ಟಿಲಿಗೆ ಹೋದರೆ ಅಕ್ಕ ಆ ಕಡೆಯ ಕಿಟಕಿಯ ಗಾಜು ಒರೆಸಲು ಶುರುಮಾಡುತ್ತಿದ್ದಳು. ಅಷ್ಟು ಸ್ವಚ್ಛ ಕಿಟಕಿ ಆ ಬೀದಿಯಲ್ಲೇ ಇರಲಿಲ್ಲ.

ಉರಿಯುವ ಒಲೆಗೆ ಕಡ್ಡಿ ಒಟ್ಟಿದವಳು ವಾವಿ. ಎದುರಿನ ಅಂಗಡಿಯವಳ ಜೊತೆ ಓಮೈ ಔಷಧಿ ಅಂಗಡಿಯ ಮುಂದೆ ನಿಂತು ಮಾತಾಡುತ್ತಿದ್ದುದನ್ನು ತಾನು ಕಣ್ಣಾರೆ ಕಂಡೆನೆಂದು ಅವಳು ಅಕ್ಕನ ಕಿವಿಗೆ ಹಾಕಿದ್ದಳು. ಏನು ಮಾತಾಡಿದರೋ ಕೇಳಿಸಲಿಲ್ಲವಂತೆ, ಆದರೆ ಓಮೈ ನಗುತ್ತಿದ್ದಳಂತೆ. ಅಕ್ಕ ಇದನ್ನು ಓಮೈಯನ್ನು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಳು, ಅದು ಅಲ್ಲೇ ಬೆಳೆಯಿತು. ಅವಳ ಸಂಕಟ ಇನ್ನೊಂದಿತ್ತು. ಕೇಳಿದರೆ ಓಮೈ ಕಣ್ಣರಳಿಸಿ ಅಚ್ಚರಿಪಡುತ್ತಾಳೆ. ಆ ಅಚ್ಚರಿಯನ್ನು ನಂಬುವುದು ಹೇಗೆ? ಅಚ್ಚರಿಪಡುವುದನ್ನು ಅವಳಿಗೆ ಕಲಿಸಿದವಳು ತಾನೇ.

ಹೀಗಿರುವಾಗ ಹಲ್ಲಿನ ಮೇಡಂ ಬಂದಳು.

ಪಕ್ಕದ ರಸ್ತೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಬಂದವರ ಹೆಸರು ಕೂಗುವವಳು ಅವಳು. ಪಾರ್ಲರಿನ ಹಳೇ ಗಿರಾಕಿ, ಕೂದಲು ಕತ್ತರಿಸಲು ಮಾತ್ರ ಬರುತ್ತಿದ್ದಳು. ಬಂದಾಗಲೆಲ್ಲ ತನ್ನ ತಲೆಯಲ್ಲಿ ಒಂದೇ ಒಂದು ಬಿಳಿ ಕೂದಲು ಹುಡುಕಿ ಕೊಡಿ ನೋಡೋಣ ಎಂದು ಸವಾಲು ಹಾಕುವುದು ಅವಳ ವಾಡಿಕೆ. ಯಾರಿಗೂ ಸಿಕ್ಕಿರಲಿಲ್ಲ. ಇನ್ನೊಂದು ವಾಡಿಕೆ ದೂರುವುದು. ನೀರು ತಣ್ಣಗಿದೆ, ಟವೆಲ್ ಒರಟು, ಕುರ್ಚಿ ಗಟ್ಟಿ, ಕತ್ತರಿ ಶಬ್ದ ಮಾಡುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡಿದರೂ ಬೆಣ್ಣೆ ಜಿಡ್ಡು ಎನ್ನುವ ಹೆಂಗಸು.

ಈ ಸಲ ಅವಳಿಗೆ ಹೊಸ ಆಸೆ. ಒಂದು ಗೇಣು ಕತ್ತರಿಸಿ, ಉಳಿದ ಕೂದಲಿನ ನಡುನಡುವೆ ಕಂದು ಬಣ್ಣದ ಎಳೆಗಳು ಬರಬೇಕು, ವಯಸ್ಸು ಇಳಿದ ಹಾಗೆ ಕಾಣಬೇಕು. ಬಣ್ಣ ಹಚ್ಚುವ ಮೊದಲು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಓಮೈ ಅವಳಿಗೂ ಕೇಳಿದಳು. ಮನೆಯಲ್ಲಿ ತಲೆಗೆ ಏನಾದರೂ ಹಚ್ಚುತ್ತೀರಾ?

"ನನಗ್ಯಾಕಮ್ಮ ಅದೆಲ್ಲ? ಹುಡುಕು ಬೇಕಾದ್ರೆ, ಒಂದು ಬಿಳಿ ಕೂದಲು ಸಿಕ್ಕಿದ್ರೆ ನಿನ್ನ ಕಿವಿಗೆ ಓಲೆ ಮಾಡಿಸಿ ಹಾಕ್ತೀನಿ."

ಓಮೈ ನಗುತ್ತ ಕತ್ತರಿ ಎತ್ತಿದಳು. ಗೇಣುದ್ದದ ಕೂದಲು ಕೆಳಗೆ ಬಿತ್ತು. ಉದ್ದ ಕೂದಲನ್ನು ಗುಡಿಸಿ ಬಿಸಾಡುವಂತಿರಲಿಲ್ಲ, ಬೋಳುತಲೆಗೆ ಟೋಪನ್ ಮಾಡುವವನು ಬಂದು ಒಯ್ಯುತ್ತಿದ್ದ. ತಂಗಿ ಅದನ್ನು ಒಟ್ಟುಮಾಡಿ ನೇರಳೆ ರಬ್ಬರ್ ಬ್ಯಾಂಡ್ ಸುತ್ತಿ ಹಿಂದಿನ ಕೋಣೆಯ ತಗಡಿನ ಡಬ್ಬಿಗೆ ಹಾಕಿದಳು. ಓಮೈ ಬಟ್ಟಲಲ್ಲಿ ಬಣ್ಣ ಕಲಸಿ, ಎಳೆ ಎಳೆಯಾಗಿ ಹಚ್ಚಿ, ಬೆಳ್ಳಿ ಹಾಳೆಯಲ್ಲಿ ಮಡಚಿಟ್ಟಳು. ಕಾಯುವ ಹೊತ್ತಿನಲ್ಲಿ ಓಮೈಗೆ ಫೋನ್ ಬಂತು. ಅವಳು ಮೆಟ್ಟಿಲಿಗೆ ಹೋದಳು, ಅಕ್ಕ ಕಿಟಕಿಗೆ ಹೋದಳು.

ಹಾಳೆ ಬಿಡಿಸುವ ಕೆಲಸ ತಂಗಿಯದು. ಬಿಡಿಸುವಾಗ ಅವಳ ಬೆರಳಿಗೆ ಹಾಳೆ ಬಿಸಿ ತಾಗಿತು. ಒಲೆಯ ಮೇಲಿಟ್ಟ ಪಾತ್ರೆಯ ಹಿಡಿಯಷ್ಟು ಬಿಸಿ. ಹಲ್ಲಿನ ಮೇಡಂ ತುಟಿ ಕಚ್ಚಿಕೊಂಡು ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ತಂಗಿ ಹಿಂದಿನ ಕೋಣೆಯ ಮಂಕು ದೀಪದಲ್ಲಿ ಅವಳ ತಲೆ ತೊಳೆದಳು. ಅಲ್ಲಿ ಒದ್ದೆ ಕೂದಲೆಲ್ಲ ಒಂದೇ ಕಪ್ಪು. ಟವೆಲ್ ಸುತ್ತಿ ಮತ್ತೆ ಕುರ್ಚಿಗೆ ಕರೆತಂದಳು.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದರು. ಕನ್ನಡಿಯ ಸುತ್ತ ಬಲ್ಬುಗಳು ಹತ್ತಿಕೊಂಡವು. ಓಮೈ ಹಿಂದಿನಿಂದ ಟವೆಲ್ಲಿನ ತುದಿ ಹಿಡಿದಳು, ತಂಗಿ ಬಟ್ಟೆಯ ತುದಿ ಹಿಡಿದಳು. ಅಕ್ಕ ಕೌಂಟರಿನಿಂದ ತಲೆಯಾಡಿಸಿದಳು. ಬಟ್ಟೆ ಬಿತ್ತು.

"ಓ ಮೈ ಗಾಡ್," ಎಂದಳು ಓಮೈ, ಎದೆಯಾಳದಿಂದ, ಕೊನೆಗೆ ಆ ನಿಟ್ಟುಸಿರಿನೊಂದಿಗೆ. ವಾವಿ ವಾವ್ ಅಂದಳು. ಅಕ್ಕನೂ ತನ್ನದನ್ನು ಅಂದಳು.

ಕೂದಲು ಹಸಿರಾಗಿತ್ತು. ಪಾಚಿ ಕಟ್ಟಿದ ತೊಟ್ಟಿಯಿಂದ ಎತ್ತಿದ ದಾರದ ಹಾಗೆ, ಕಪ್ಪಿನ ನಡುವೆ ಹಸಿರು ಎಳೆಗಳು ಹೆಗಲ ಮೇಲೆ ಅಂಟಿಕೊಂಡಿದ್ದವು.

ಆಮೇಲೆ ಆದದ್ದನ್ನು ಹೇಳದಿದ್ದರೂ ನಡೆದೀತು. ಹಲ್ಲಿನ ಮೇಡಂ ಕುರ್ಚಿಯಿಂದ ಎದ್ದು ನಿಂತು, ಇಷ್ಟು ವರ್ಷದ ನಂಬಿಕೆಗೆ ಇದಾ ಬಹುಮಾನ ಎಂದು ಕೇಳಿದಳು. ಹಾಳುಮಾಡಿದ್ದೂ ಅಲ್ಲದೆ ಮೇಲೆ ಹಾಡಿ ಹೊಗಳಿ ಅಣಕಿಸುತ್ತೀರಾ ಎಂದಳು. ಬೀದಿ ಬೀದಿಗೆ ಹೇಳುತ್ತೇನೆ ಎಂದು ದುಪಟ್ಟಾ ತಲೆಗೆ ಸುತ್ತಿಕೊಂಡು ಹೊರಟಳು. ಸೋಮವಾರ ಬನ್ನಿ, ಹೇಗಾದರೂ ಸರಿಮಾಡಿ ಕೊಡುತ್ತೇವೆ ಎಂದು ಅಕ್ಕ ಮೆಟ್ಟಿಲವರೆಗೂ ಹಿಂದೆ ಹೋಗಿ ಬೇಡಿಕೊಂಡಳು.

ಒಳಗೆ ಬಂದವಳು ಬಾಗಿಲು ಹಾಕಿ ಓಮೈಯ ಎದುರು ನಿಂತಳು. ಕಂದು ಬಣ್ಣದ ಟ್ಯೂಬಿನ ಬದಲು ಬೂದಿ ಬಣ್ಣದ ಟ್ಯೂಬು ಕಲಸಿದರೆ ಕೂದಲು ಹೀಗೆ ಹಸಿರು ಹೊಡೆಯುತ್ತದೆ ಎನ್ನುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಕಂದು ಟ್ಯೂಬನ್ನೇ ಕಲಸಿದ್ದೆ ಎಂದು ಓಮೈ ಹೇಳಿದಳು. ಎರಡು ಟ್ಯೂಬುಗಳೂ ಅರ್ಧ ಖಾಲಿಯಾಗಿ ಅಕ್ಕಪಕ್ಕ ಬಿದ್ದಿದ್ದವು, ಯಾವುದೂ ಸಾಕ್ಷಿ ಹೇಳಲಿಲ್ಲ. ಓಮೈಯ ಮುಖ ಬಿಳಿಚಿಕೊಂಡಿತ್ತು. ಅಕ್ಕ ಆ ಮುಖವನ್ನು ಬಹಳ ಹೊತ್ತು ನೋಡಿದಳು, ಏನೂ ಗೊತ್ತಾಗದೆ ಕಣ್ಣು ಬೇರೆಡೆ ತಿರುಗಿಸಿದಳು.

ಮನೆಗೆ ಬಂದು ಊಟಕ್ಕೆ ಕೂತಾಗ ಅಕ್ಕ ಮಾತು ತೆಗೆದಳು. ಎದುರಿನ ಅಂಗಡಿಗೆ ಹೋಗುವವಳು ಬರಿಗೈಯಲ್ಲಿ ಹೋಗುವುದಿಲ್ಲ, ನಮ್ಮ ಹೆಸರು ಕೆಡಿಸಿ ಗಿರಾಕಿಗಳನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತಾಳೆ ಎಂದು ಅವಳ ವಾದ. ತಪ್ಪಿ ಆಗಿದ್ದರೆ ಕೂದಲು ಕಂಡ ಕೂಡಲೇ ಅವಳು ಬೆಚ್ಚಬೇಕಿತ್ತು, ಹಾಗೆ ಸಂತೋಷದಿಂದ ಕೂಗುತ್ತಿರಲಿಲ್ಲ. ಮೊದಲೇ ಗೊತ್ತಿದ್ದವಳು ಮಾತ್ರ ಹಾಗೆ ಕೂಗಲು ಸಾಧ್ಯ.

"ನೀನು ಎದುರಿಗೇ ನಿಂತಿದ್ದೆ. ಅವಳ ಮುಖದಲ್ಲಿ ಏನು ಕಂಡಿತು ಹೇಳು."

ತಂಗಿ ಅನ್ನ ಕಲಸುತ್ತ ಕೂತಳು. ಕಂಡದ್ದನ್ನು ಹೇಳದಿದ್ದರೆ ಸುಳ್ಳಾಗುತ್ತದೆ ಎಂದುಕೊಂಡಳು. "ಬಟ್ಟೆ ಬೀಳೋ ಮುಂಚೆನೇ ಅವರ ಬಾಯಿ ತೆರೀತು," ಎಂದಳು.

ಅಕ್ಕ ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಅಷ್ಟೇ ಸಾಕು ಅನ್ನುವ ಹಾಗೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ಅಕ್ಕ ಓಮೈಯನ್ನು ತಡೆದಳು. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. "ನೀವು ಇವತ್ತಿನಿಂದ ಬರೋದು ಬೇಡ. ಸೋಮವಾರ ಬಂದು ನಿಮ್ಮ ಕತ್ತರಿ, ಬಾಚಣಿಗೆ ಎಲ್ಲ ತಗೊಂಡು ಹೋಗಿ," ಎಂದಳು. ಇಷ್ಟು ವರ್ಷ ಏನೇ, ಬಾರೇ, ನೀನು ಎಂದು ಕರೆದವಳ ಬಾಯಲ್ಲಿ ಆ ನೀವು ಕೇಳಿ ತಂಗಿಯ ಕೈಯಲ್ಲಿದ್ದ ಪೊರಕೆ ನಿಂತಿತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಓಮೈ ಚಪ್ಪಲಿ ತಿರುಗಿಸಿಕೊಂಡು ಮೆಟ್ಟಿಲಿಳಿದಳು.

ಅವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಇನ್ನೂ ಓದುತ್ತಿರುವ ಮಗಳು. ಸೋಮವಾರದ ನಂತರ ಈ ಬೀದಿಯಲ್ಲಿ ಅವಳನ್ನು ಕರೆಯುವವರು ಎದುರಿನವರು ಮಾತ್ರ, ಅದೂ ಹಸಿರು ಕೂದಲಿನ ಕಥೆ ಅವರ ಕಿವಿಗೆ ಬೀಳುವ ತನಕ. ಹೋಗುವಾಗ ಅವಳು ತಂಗಿಯ ಕಡೆಗೆ ನೋಡಿರಲಿಲ್ಲ. ದಿನಾ ಸಂಜೆ ಅವಳಿಗೆ, ಪುಟ್ಟಿ, ಬಾಗಿಲು ಹಾಕ್ಕೋ ಎಂದು ಹೇಳಿ ಹೋಗುವವಳು.

ಆ ದಿನ ಬಂದ ಮೊದಲ ಗಿರಾಕಿಗೆ ಅಕ್ಕನೇ ಕತ್ತರಿ ಹಿಡಿದಳು. ತಂಗಿ ಕನ್ನಡಿಯ ಪಕ್ಕ ನಿಂತು ಬಟ್ಟೆ ಎಳೆದಳು. ಎಳೆಯುವ ಮೊದಲೇ ವಾವಿಯ ಬಾಯಿ ದುಂಡಗೆ ತೆರೆದುಕೊಂಡಿತ್ತು. ಅಕ್ಕನ ನೋ ವೇ ಬಂದಾಗ ಅಕ್ಕನ ಕಣ್ಣು ರಸ್ತೆಯಾಚೆಯ ಗಾಜಿನ ಬಾಗಿಲ ಮೇಲಿತ್ತು. ಯಾರೂ ಕೂದಲು ನೋಡಿರಲಿಲ್ಲ. ಯಾರೂ ಯಾವತ್ತೂ ನೋಡುತ್ತಿರಲಿಲ್ಲ. ಎಲ್ಲರೂ ಬಟ್ಟೆಗೆ ಕೂಗುತ್ತಿದ್ದರು, ತಲೆಗಲ್ಲ. ಗೊಂಬೆಯ ಎದುರು ಮಾಡಿದ ತಾಲೀಮು ಅದೇ ತಾನೆ.

ತಂಗಿ ಬಟ್ಟೆಯನ್ನು ಮಡಚದೆ ಹಾಗೇ ಹೆಗಲಿಗೆ ಹಾಕಿಕೊಂಡಳು. ಬಟ್ಟೆ ಬೀಳುವ ಮೊದಲು ಬಾಯಿ ತೆರೆಯಿತು ಎಂದು ಅವಳು ಹೇಳಿದ್ದು ನಿಜ. ಎಲ್ಲರ ಬಾಯೂ ಹಾಗೆಯೇ ತೆರೆಯುತ್ತದೆ, ಅವತ್ತು ನಿನ್ನ ಬಾಯಿಯೂ ತೆರೆದಿತ್ತು ಎಂಬುದನ್ನು ಅಕ್ಕನಿಗೆ ಹೇಳಿರಲಿಲ್ಲ. ಓಮೈ ಹೋದದ್ದು ಬಣ್ಣದಿಂದಲ್ಲ, ತನ್ನ ಅರ್ಧ ಮಾತಿನಿಂದ.

ಹಾಗಾದರೆ ಅವತ್ತು ಯಾರ ಕಣ್ಣು ಎಲ್ಲಿತ್ತು? ಟವೆಲ್ಲುಗಳನ್ನು ಹಿಂಡಿ ಹರವುತ್ತ ಅವಳು ಒಂದೊಂದೇ ಮುಖವನ್ನು ನೆನಪಿಗೆ ತಂದುಕೊಂಡಳು. ಓಮೈಯ ಕಣ್ಣು ಕನ್ನಡಿಯ ಬಲ್ಬುಗಳ ಕಡೆಗಿತ್ತು. ವಾವಿಯದು ತನ್ನ ಉಗುರಿನ ಕಡೆಗೆ. ಹಲ್ಲಿನ ಮೇಡಂ? ಕನ್ನಡಿಯೆದುರು ಕೂತ ಹೆಂಗಸು ಬಟ್ಟೆ ಬಿದ್ದ ಕೂಡಲೇ ತನ್ನ ಕೂದಲು ನೋಡುತ್ತಾಳೆ, ಅದು ಮೂಗು ಕಣ್ಣಿನ ಕೆಳಗಿರುವಷ್ಟೇ ಸಹಜ. ಅವಳು ನೋಡಿರಲಿಲ್ಲ. ಅವಳ ಕಣ್ಣು ಕನ್ನಡಿಯೊಳಗಿಂದ ನೇರ ಅಕ್ಕನ ಮುಖಕ್ಕೆ ಹೋಗಿತ್ತು. ಕದ್ದು ತಿಂದ ಮಗು ಅಮ್ಮನ ಮುಖ ನೋಡುವ ಹಾಗೆ. ಅಕ್ಕನ ಮುಖದಲ್ಲಿ ಅನುಮಾನವೇನೂ ಇಲ್ಲ ಎಂದು ಗೊತ್ತಾದ ಮೇಲೆಯೇ ಅವಳು ತನ್ನ ಕೂದಲು ನೋಡಿದ್ದು, ಕೂಗಾಡಿದ್ದು.

ಒಂದು ಎಳೆ ಸಿಕ್ಕ ಮೇಲೆ ಉಳಿದವು ತಾವಾಗಿಯೇ ಬಂದವು. ಆ ಹಾಳೆಗಳ ಬಿಸಿ. ಟವೆಲ್ ಒರಟೆಂದು ಹತ್ತು ಮಾತು ಆಡುವವಳು ತಲೆ ಸುಡುವಾಗ ತುಟಿ ಕಚ್ಚಿ ಕೂತದ್ದು. ಬಣ್ಣ ಹಚ್ಚುವ ಮುಂಚೆ ಮನೆಯಲ್ಲಿ ಏನು ಹಚ್ಚುತ್ತೀರಿ ಎಂದು ಯಾಕೆ ಕೇಳಬೇಕೆಂದು ಅಕ್ಕ ಹಿಂದೊಮ್ಮೆ ವಿವರಿಸಿದ್ದಳು. ಬಿಳಿ ಕೂದಲನ್ನು ದಿನದಿನಕ್ಕೆ ನಿಧಾನವಾಗಿ ಕಪ್ಪಾಗಿಸುವ, ನೀರಿನಂಥ ಒಂದು ಡೈ ಬರುತ್ತದೆ. ಅದು ಹತ್ತಿದ ಕೂದಲಿಗೆ ಪಾರ್ಲರಿನ ಬಣ್ಣ ತಾಗಿದರೆ ಕೂದಲು ಕಾದು ಬಿಸಿಯಾಗುತ್ತದೆ, ಹಸಿರಾಗುತ್ತದೆ. ಕೇಳುವುದನ್ನು ಓಮೈ ಮರೆತಿರಲಿಲ್ಲ. ಬಿಳಿ ಕೂದಲೇ ಇಲ್ಲದ ತಲೆಯ ಬಗ್ಗೆ ಅನುಮಾನ ಯಾರಿಗೂ ಬರಲಿಲ್ಲ.

ಅಥವಾ ಇದೂ ತನ್ನ ಭ್ರಮೆಯೋ? ಓಮೈ ಹೋದ ನೋವಿಗೆ ತಪ್ಪನ್ನು ಇನ್ನೊಬ್ಬಳ ತಲೆಗೆ ಕಟ್ಟುತ್ತಿದ್ದೇನೆಯೋ? ಮುಖ ನೋಡಿ ಹೇಳಿದ ಮಾತು ಒಂದು ಸಲ ಏನು ಮಾಡಿತೆಂದು ಅವಳು ಕಂಡಿದ್ದಳು. ಇನ್ನೊಂದು ಸಲ ಬರಿ ಮುಖ ನಂಬುವ ಧೈರ್ಯ ಅವಳಿಗಿರಲಿಲ್ಲ.

ಆಗ ಅವಳಿಗೆ ತಗಡಿನ ಡಬ್ಬಿ ನೆನಪಾಯಿತು.

ಭಾನುವಾರ ಅಂಗಡಿಗೆ ರಜೆ. ಅಕ್ಕ ಲೆಕ್ಕವಿಲ್ಲದಷ್ಟು ಸಲ ನಿಟ್ಟುಸಿರು ಬಿಡುತ್ತ ಕುರ್ಚಿಗಳನ್ನು ಒರೆಸಲು ಬಂದಿದ್ದಳು, ತಂಗಿಯನ್ನೂ ಕರೆತಂದಿದ್ದಳು. ತಂಗಿ ನೇರಳೆ ರಬ್ಬರ್ ಬ್ಯಾಂಡಿನ ಕಟ್ಟನ್ನು ತಂದು ಕೌಂಟರಿನ ಮೇಲಿಟ್ಟಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು.

"ಅಕ್ಕ, ಇದು ಅವರ ಕೂದಲು. ಬಣ್ಣ ಹಚ್ಚೋಕೆ ಮುಂಚೆ ಕತ್ತರಿಸಿದ್ದು. ನೀನೇ ಬಣ್ಣ ಕಲಸು. ಕಂದು ಟ್ಯೂಬೇ ಹಾಕು. ಇದಕ್ಕೂ ಹಚ್ಚು, ನನ್ನ ಕೂದಲಿಗೂ ಹಚ್ಚು."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಓಮೈ ಏನಾದರೂ ಹೇಳಿಕೊಟ್ಟು ಕಳಿಸಿದಳೇ ಎಂದು ಕೇಳಿದಳು. ಫೋನ್ ಮಾಡಿದ್ದಳೇ, ಮನೆಗೆ ಬಂದಿದ್ದಳೇ, ಅತ್ತು ಕರೆದಳೇ. ಯಾವುದೂ ಇಲ್ಲ ಎಂದು ತಂಗಿ ತಲೆಯಾಡಿಸಿದಳು. ಅಕ್ಕನಿಗೆ ನಂಬಿಕೆ ಬರಲಿಲ್ಲ. ಕಟ್ಟನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು, ಮೂಸಿ ನೋಡಿದಳು. ಮಾತಾಡದ ತಂಗಿ ಇಷ್ಟು ಮಾತಾಡಿದ್ದೇ ಅವಳಿಗೆ ಒಂದು ಅನುಮಾನವಾಗಿತ್ತು.

ತಂಗಿ ಕತ್ತರಿ ತೆಗೆದುಕೊಂಡು ತನ್ನ ಕಿವಿಯ ಹಿಂದಿನ ಒಂದು ಎಳೆಯನ್ನು ಕತ್ತರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಕೈ ಹಿಂದಕ್ಕೆ ಕಟ್ಟಿ ದೂರ ನಿಂತಳು, ತಾನು ಏನೂ ಮುಟ್ಟುವುದಿಲ್ಲ ಎನ್ನುವ ಹಾಗೆ. ಅಕ್ಕ ಮುಖ ಗಂಟಿಕ್ಕಿಕೊಂಡೇ ಬಟ್ಟಲು ತೆಗೆದಳು. ಟ್ಯೂಬಿನ ಮೇಲಿನ ಬರಹ ಗಟ್ಟಿಯಾಗಿ ಓದಿ ಬಣ್ಣ ಕಲಸಿ, ಕಟ್ಟಿನಿಂದಲೂ ಒಂದು ಎಳೆ ತೆಗೆದು, ಎರಡೂ ಎಳೆಗಳಿಗೆ ಹಚ್ಚಿ, ಎರಡು ಹಾಳೆಗಳಲ್ಲಿ ಮಡಚಿ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟಳು. ಇಬ್ಬರೂ ಕಾದರು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದ ಸದ್ದು ಬಂತು. ಸ್ವಲ್ಪ ಹೊತ್ತಾದ ಮೇಲೆ ತಂಗಿ ಹಾಳೆಗಳ ಕಡೆಗೆ ಗದ್ದ ಚಾಚಿ ತೋರಿಸಿದಳು. ಅಕ್ಕ ಒಂದರ ಮೇಲೆ ಬೆರಳಿಟ್ಟಳು. ಇನ್ನೊಂದರ ಮೇಲಿಟ್ಟು ಚಟ್ಟನೆ ಕೈ ಎಳೆದುಕೊಂಡಳು.

ಬಿಡಿಸಿ ತೊಳೆದು ಕನ್ನಡಿಯ ಬಲ್ಬುಗಳ ಕೆಳಗೆ ಹಿಡಿದರೆ ತಂಗಿಯ ಎಳೆ ಕಂದು. ಮತ್ತೊಂದು, ಪಾಚಿ.

ಅಕ್ಕನ ಕಣ್ಣು ಅರಳಿತು. ಬಾಯಿ ಆಮೇಲೆ ತೆರೆಯಿತು. ಅದರಿಂದ ಒಂದು ಶಬ್ದವೂ ಬರಲಿಲ್ಲ, ಇಂಗ್ಲಿಷಿನದೂ ಇಲ್ಲ, ಬೇರೆಯದೂ ಇಲ್ಲ. ತಂಗಿ ಕನ್ನಡಿಯ ಪಕ್ಕದಲ್ಲಿ ನಿಂತು ಅದನ್ನು ನೋಡಿದಳು. ಇದೇ ಹೊತ್ತೆಂದುಕೊಂಡು ಉಳಿದರ್ಧ ಮಾತನ್ನೂ ಹೇಳಿದಳು. ಬಟ್ಟೆ ಬೀಳುವ ಮುಂಚೆ ಎಲ್ಲರ ಬಾಯೂ ತೆರೆಯುತ್ತೆ ಅಕ್ಕ, ಅವತ್ತು ನಿನ್ನದೂ ತೆರೆದಿತ್ತು. ಅಕ್ಕ ಹಸಿರು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಬಹಳ ಹೊತ್ತು ಕೂತಿದ್ದಳು.

ಸೋಮವಾರ ಹಲ್ಲಿನ ಮೇಡಂ ದುಪಟ್ಟಾ ಸುತ್ತಿಕೊಂಡು ಬಂದಳು. ಕೂರುವ ಮೊದಲೇ ದೂರು ಶುರುವಾಯಿತು. ಅಕ್ಕ ವಾವಿಯನ್ನು ಅಂಗಡಿಗೆ ಬೇಕಾದ ಏನನ್ನೋ ತರಲು ಹೊರಗೆ ಕಳಿಸಿ, ಎರಡು ಎಳೆಗಳನ್ನೂ ಹಲ್ಲಿನ ಮೇಡಂ ಮಡಿಲಲ್ಲಿಟ್ಟು, ಮನೆಯಲ್ಲಿ ಏನು ಹಚ್ಚುತ್ತೀರಿ ಎಂದು ಮೆಲ್ಲನೆ ಕೇಳಿದಳು.

"ಓ ಮೈ ಗಾಡ್, ಏನು ಅಂತ ಮಾತಾಡ್ತಿದ್ದೀರಿ," ಎಂದಳು ಹಲ್ಲಿನ ಮೇಡಂ. ಬಾಯಿ ಮೊದಲು, ಕಣ್ಣು ಆಮೇಲೆ. ಆದರೆ ಆ ಕಣ್ಣು ಮಡಿಲಿಗೆ ಇಳಿಯಿತು, ಅಲ್ಲಿಂದ ಮೇಲೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದನಿ ಸಣ್ಣದಾಯಿತು. ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಹೊಸ ಹುಡುಗಿಯನ್ನು ನೋಡುತ್ತಿದ್ದಾರಂತೆ. ಮುಂದೆ ಕೂರುವವರು ಕಳೆಯಾಗಿರಬೇಕು ಎಂದು ಡಾಕ್ಟರು ಅವಳ ಎದುರೇ ಅಂದರಂತೆ. ಎಷ್ಟೋ ಕಾಲದಿಂದ ದಿನಾ ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಆ ನೀರು ಹಚ್ಚುತ್ತಿದ್ದಳಂತೆ, ಗಂಡನಿಗೂ ಗೊತ್ತಿಲ್ಲವಂತೆ. ಹೇಳಿದ್ದರೆ ಮರುದಿನವೇ ಬೀದಿಗೆಲ್ಲ ಗೊತ್ತಾಗುತ್ತಿತ್ತು ಎಂದಳು.

"ನೀವು ಹೇಳಲಿಲ್ಲ ಅಂತ ಒಬ್ಬಳ ಕೆಲಸ ಹೋಯ್ತಲ್ಲ," ಎಂದಳು ಅಕ್ಕ. ಹೇಳಿದ ಮೇಲೆ ಆ ಮಾತು ತನ್ನ ಕಡೆಗೇ ತಿರುಗಿದ್ದು ಅವಳಿಗೆ ಅರಿವಾಗಿರಬೇಕು, ಮೇಡಂ ಮಡಿಲಿನಿಂದ ಎಳೆಗಳನ್ನು ಎತ್ತಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಓಮೈ ನಿಂತಿದ್ದಳು. ಕತ್ತರಿ ಒಯ್ಯಲು ಕೈಯಲ್ಲಿ ಬಟ್ಟೆಯ ಚೀಲವಿತ್ತು. ಎಷ್ಟು ಕೇಳಿಸಿಕೊಂಡಳೋ ಯಾರಿಗೂ ಗೊತ್ತಿಲ್ಲ. ಅವಳು ಒಳಗೆ ಬಂದು, ಕುರ್ಚಿಯ ಹಿಂದೆ ನಿಂತು, ಹಲ್ಲಿನ ಮೇಡಂ ತಲೆಯ ದುಪಟ್ಟಾವನ್ನು ತಾನೇ ಬಿಚ್ಚಿದಳು. ಹಸಿರನ್ನು ಬೆರಳಲ್ಲಿ ಎತ್ತಿ ಎತ್ತಿ ನೋಡಿದಳು. ಕಿವಿಯವರೆಗೆ ಕತ್ತರಿಸಿದರೆ ಹಸಿರು ಹೋಗುತ್ತೆ, ಗಿಡ್ಡ ಕೂದಲು ನಿಮಗೆ ಒಪ್ಪುತ್ತೆ ಎಂದಳು. ಅಕ್ಕ ಅವಳ ಕತ್ತರಿಯನ್ನು ಡ್ರಾಯರಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ನೀನೇ ಮಾಡೇ," ಎಂದಳು. ನೀವು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಓಮೈ ಕತ್ತರಿ ತೆಗೆದುಕೊಂಡಳು. "ಎದುರಿನವರು ಮೂರು ಸಲ ಕರೆದರು, ಮೂರು ಸಲವೂ ಬರಲ್ಲ ಅಂದೆ. ಔಷಧಿ ಅಂಗಡಿ ಮುಂದೆ ನಕ್ಕಿದ್ದೂ ಅದಕ್ಕೇ. ವಾವಿ ಫೋನಿನಲ್ಲಿ ಎಲ್ಲ ಹೇಳಿದಳು. ಕೇಳಿದ್ರೆ ಹೇಳ್ತಿದ್ದೆ, ಮೇಡಂ."

ಹೊರಗಿನವರ ಮುಂದೆ ಅಕ್ಕನನ್ನು ಕರೆಯುತ್ತಿದ್ದ ಅದೇ ಮೇಡಂ ಇವತ್ತು ಬೇರೆ ಥರ ಕೇಳಿಸಿತು. ನಾಲ್ಕನೇ ಸಲ ಕರೆದರೆ ಏನನ್ನುತ್ತಾಳೆ ಎಂದು ಅವಳು ಹೇಳಲಿಲ್ಲ, ಕೇಳುವ ಧೈರ್ಯ ಅಕ್ಕನಿಗಿರಲಿಲ್ಲ.

ತಂಗಿ ವಾಡಿಕೆಯಂತೆ ಕನ್ನಡಿಗೆ ಬಟ್ಟೆ ಹಾಕಲು ಹೋದಳು. ಓಮೈ ಬೇಡವೆಂದು ಕೈಯಾಡಿಸಿದಳು. ಹಲ್ಲಿನ ಮೇಡಂ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಕೂತ ಹಾಗೆಯೇ ಹಸಿರು ಕೂದಲು ಸುತ್ತ ಉದುರಿತು, ಕಿವಿ ಕಂಡಿತು, ಕತ್ತು ಕಂಡಿತು, ಕಿವಿಯ ಮೇಲೆ ಒಂದೆರಡು ಬಿಳಿ ಬೇರುಗಳೂ ಕಂಡವು. ಮುಗಿದಾಗ ಯಾರೂ ಏನೂ ಅನ್ನಲಿಲ್ಲ. ಅವಳು ಕತ್ತು ಆಚೀಚೆ ತಿರುಗಿಸಿ ನೋಡಿಕೊಂಡು, ಟವೆಲ್ ಇನ್ನೂ ಒರಟೇ ಇದೆ ಎಂದಳು. ಅಲ್ಲಿಗೆ ಎಲ್ಲರಿಗೂ ಸ್ವಲ್ಪ ಉಸಿರು ಬಂತು.

ಅವಳು ಹೋದ ಮೇಲೆ ತಂಗಿ ಕೂದಲು ಗುಡಿಸುತ್ತಿದ್ದಳು. ಓಮೈ ಚೀಲವನ್ನು ಮಡಚಿ ಮೊಳೆಗೆ ನೇತುಹಾಕಿ ಅವಳ ಹತ್ತಿರ ಬಂದಳು.

"ಬಟ್ಟೆ ಬೀಳೋ ಮುಂಚೆ ನನ್ನ ಬಾಯಿ ತೆರೀತು ಅಂತ ನೀನೇ ಹೇಳಿದ್ದಂತೆ. ನಿಮ್ಮಕ್ಕ ವಾವಿಗೆ ಹೇಳಿದ್ದಳಂತೆ, ವಾವಿ ನನಗೆ ಹೇಳಿದಳು."

"ಹೌದು," ಎಂದಳು ತಂಗಿ. ಇನ್ನೂ ಹೇಳುವುದಿತ್ತು. ಎಲ್ಲರದೂ ಹಾಗೇ ತೆರೆಯುತ್ತೆ, ನಾನು ಅರ್ಧ ಹೇಳಿದೆ, ಉಳಿದರ್ಧಕ್ಕೆ ನಿನ್ನೆ ಕೂದಲು ಕತ್ತರಿಸಿಕೊಂಡೆ. ಅದನ್ನೆಲ್ಲ ಹೇಳದೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಓಮೈ ಅವಳ ಕಿವಿಯ ಹಿಂದೆ ಕೈಹಾಕಿ, ಗಿಡ್ಡವಾಗಿ ನಿಂತಿದ್ದ ಎಳೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಓರೆಕೋರೆಯಾಗಿ ಕತ್ತರಿಸಿದ್ದೀಯ, ಕೂತ್ಕೋ ಸರಿಮಾಡ್ತೀನಿ ಎಂದಳು. ಪುಟ್ಟಿ ಎನ್ನಲಿಲ್ಲ.

ಬುಧವಾರದಿಂದ ಕನ್ನಡಿಗೆ ಮತ್ತೆ ಮುಸುಕು ಬಂತು, ಗಿರಾಕಿಗಳೇ ಕೇಳಿದರು. ಬಟ್ಟೆ ಬೀಳುವಾಗ ಓಮೈ ಈಗಲೂ ಓ ಮೈ ಗಾಡ್ ಅನ್ನುತ್ತಾಳೆ, ಅದೇ ಎದೆಯಾಳದಿಂದ. ಆದರೆ ಮೊದಲು ಕೂದಲು ನೋಡುತ್ತಾಳೆ. ಕೂದಲು ನೋಡಿದ ಮೇಲೆ ಕಣ್ಣೆತ್ತಿ ಕನ್ನಡಿಯ ಪಕ್ಕಕ್ಕೆ, ತಂಗಿಯ ಮುಖಕ್ಕೆ ನೋಡುತ್ತಾಳೆ, ಅಲ್ಲಿ ಏನಿದೆಯೆಂದು ಓದುವ ಹಾಗೆ. ಆಮೇಲೆಯೇ ಬಾಯಿ ತೆರೆಯುತ್ತಾಳೆ. ತಂಗಿ ಬಟ್ಟೆಯನ್ನು ಎದೆಗವಚಿಕೊಂಡು, ತನ್ನ ಮುಖದಲ್ಲಿ ಏನಿದೆಯೋ ತನಗೇ ಗೊತ್ತಾಗದೆ ನಿಂತಿರುತ್ತಾಳೆ.